ಏಳು ಗಂಟೆಯ ಲೈವ್‌ನಲ್ಲಿ ನಾವು ಮಾಡಿದ ತಪ್ಪುಗಳು

ಹೋದ ತಿಂಗಳು ನಮ್ಮ ಚಾನೆಲ್ಲಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಮಂಡಕ್ಕಿಯ ಸುಸಲಾ ತಿಂದರು, ಚಹಾ ಕುಡಿದರು, ಆ ಕಡೆ ಈ ಕಡೆ ನೋಡಿದರು. ಕೊನೆಗೆ ಒಬ್ಬಳು ಬಾಯಿ ಬಿಟ್ಟಳು: "ಕಮಲಕ್ಕ, ಲೈವ್‌ನಾಗ ತಪ್ಪಾದ್ರ ಏನ್ ಮಾಡಬೇಕ್ರಿ?"

"ತಪ್ಪಾದ್ರ ಅಂತ ಯಾಕ ಕೇಳ್ತಿ ಬೇ? ಆಗೇ ಆಗ್ತದ. ಆದ ಮ್ಯಾಲ ಏನು ಅಂತ ಕೇಳು" ಎಂದೆ. ಪಾಪ, ಇಬ್ಬರ ಮುಖವೂ ಬಾಡಿತು. ಅವರನ್ನು ಹೆದರಿಸಿ ಕಳಿಸಿದೆನಲ್ಲ ಎಂದು ನನಗೇ ಕೆಡುಕೆನಿಸಿ, ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಆ ಶಾಲುಗಳು ಟ್ರಂಕಿನಲ್ಲಿ ಬೆಚ್ಚಗಿವೆ, ಇರಲಿ ಬಿಡಿ.

ನಮ್ಮ ಸ್ಟುಡಿಯೋ ಅಫಜಲಪುರದ ಬಜಾರದಲ್ಲಿ, ಒಂದು ಕಿರಾಣಿ ಅಂಗಡಿಯ ಮಹಡಿಯ ಮೇಲಿತ್ತು. ಕೇಬಲ್ಲಿನ ಕಾಲದಲ್ಲಿ ಹುಟ್ಟಿದ ಸಣ್ಣ ಚಾನೆಲ್ಲು. ಈಗ ಮೊಬೈಲಿನಲ್ಲೂ ಬರುತ್ತದೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ನೇರ ಪ್ರಸಾರ. ತೊಗರಿಯ ಧಾರಣೆ, ಹವಾಮಾನ, ಒಂದು ಅಡುಗೆ, ಒಬ್ಬಿಬ್ಬರು ಅತಿಥಿಗಳು, ನಡುನಡುವೆ ಜನರ ಫೋನು. ಆಳಂದದಿಂದ ಜೇವರ್ಗಿಯವರೆಗೆ ಜನ ಹಲ್ಲುಜ್ಜುತ್ತ, ರೊಟ್ಟಿ ಬಡಿಯುತ್ತ ನೋಡುವ ಕಾರ್ಯಕ್ರಮ. ಅದಕ್ಕೊಂದು ಚಂದದ ಹೆಸರಿತ್ತು, ಆದರೆ ಎಲ್ಲರ ಬಾಯಲ್ಲಿ ಅದು "ಏಳರ ಲೈವ್". ನಾನು ಅದರ ನಿರ್ಮಾಪಕಿ. ಗಾಜಿನ ಹಿಂದೆ ಕೂತು, ಯಾವ ಕ್ಯಾಮೆರಾ, ಯಾವಾಗ ಬ್ರೇಕು, ಯಾರ ಕಿವಿಯಲ್ಲಿ ಏನು ಎಂದು ಹೇಳುವುದು ನನ್ನ ಕೆಲಸ. ನಾನು ಜೇವರ್ಗಿ ಕಡೆಯವಳು, ಬಾಯಿ ಜೋರು. ಮೈಕ್ ಇಲ್ಲದೆಯೂ ಕೆಳಗಿನ ಕಿರಾಣಿ ಅಂಗಡಿಯವನಿಗೆ ಕೇಳಿಸುತ್ತಿತ್ತಂತೆ.

ನಮ್ಮ ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎಂದೇ ಕರೆಯುತ್ತಿದ್ದರು. ತೊಗರಿ ಬೇಳೆಯ ಮಿಲ್ಲಿನವರು. ಮನುಷ್ಯ ಒಳ್ಳೆಯವರು, ಪಗಾರ ತಡ ಮಾಡಿದವರಲ್ಲ. ಆದರೆ ಬೇಳೆಯಲ್ಲಿ ಒಂದು ಹರಳು ಕಂಡರೆ ಹೇಗೆ ಚಡಪಡಿಸುತ್ತಿದ್ದರೋ, ಟಿವಿಯಲ್ಲಿ ಒಂದು ತಪ್ಪು ಕಂಡರೂ ಹಾಗೆಯೇ. ಮೊದಲ ವಾರದಿಂದಲೂ ಅವರದು ಒಂದೇ ರಾಗ: "ಕಮಲಕ್ಕ, ಈ ಲೈವ್ ಯಾಕ ಬೇಕ್ರಿ? ಹಿಂದಿನ ದಿನಾನೇ ರೆಕಾರ್ಡ್ ಮಾಡ್ರಿ, ತಪ್ಪು ತಗದು ಹಾಕ್ರಿ, ಮುಂಜಾನಿ ಬಿಡ್ರಿ. ನಮ್ಮ ಬೀಗರ ಮುಂದ ನನ್ನ ಇಜ್ಜತ್ ಉಳೀತದ." ನನ್ನದೂ ಒಂದೇ ಹಟ: ಲೈವ್ ಎಂದರೆ ಲೈವ್. ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದವನಿಗೆ ಏಳಕ್ಕೇ ಉತ್ತರ ಸಿಗಬೇಕು. ನಿನ್ನೆಯೇ ಮಾತಾಡಿ ಮುಗಿಸಿದವರನ್ನು ತೋರಿಸಿ "ಶುಭೋದಯ" ಹೇಳಿಸಲು ನನ್ನಿಂದ ಆಗುವುದಿಲ್ಲ. ಈ ಜಗ್ಗಾಟ ವರ್ಷಗಟ್ಟಲೆ ನಡೆಯಿತು. ಗೆದ್ದವಳು ನಾನು, ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು? ಆದರೆ ಗೆದ್ದದ್ದು ಸರಿಯಾಗಿ ಮಾಡಿದ ಕೆಲಸದಿಂದಲ್ಲ, ಒಂದು ದೊಡ್ಡ ತಪ್ಪಿನಿಂದ.

ಮೊದಲು ನನ್ನ ತಪ್ಪು. ಬಸವರಾಜ ಆಗಷ್ಟೇ ನಿರೂಪಕನಾಗಿ ಸೇರಿದ್ದ. ಕಂಚಿನ ಗಂಟೆಯಂಥ ದನಿ. ಆದರೆ ಪ್ರಶ್ನೆ ಕೇಳಲು ಹೆದರಿಕೆ. ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ: ಗುಂಡಿ ಒತ್ತಿ ಅವನ ಕಿವಿಯ ಇಯರ್‌ಫೋನಿನಲ್ಲಿ ಪ್ರಶ್ನೆ ಹೇಳುವುದು, ಅವನು ಹಾಗೇ ಒಪ್ಪಿಸುವುದು. ಒಂದು ದಿನ ದನದ ಡಾಕ್ಟರು ಬಂದು ಎಮ್ಮೆಗಳ ಕಾಲುಬಾಯಿ ರೋಗದ ಬಗ್ಗೆ ಹೇಳುತ್ತಿದ್ದರು. ಅಷ್ಟರಲ್ಲಿ ಮನೆಯಿಂದ ನನ್ನವರ ಫೋನು, ಕುಕ್ಕರಿನಲ್ಲಿ ಬೇಳೆ ಬೇಯಲು ಇಟ್ಟಿದ್ದೇನೆ ಏನು ಮಾಡಲಿ ಎಂದು. ಮೊಣಕೈ ಗುಂಡಿಯ ಮೇಲಿದ್ದದ್ದು ನನಗೆ ಗೊತ್ತೇ ಇಲ್ಲ. "ಮೂರು ಸೀಟಿ ಆದ ಮ್ಯಾಲ ಇಳಸ್ರಿ, ಜಲ್ದಿ ಮುಚ್ಚಳ ತಗೀಬ್ಯಾಡ್ರಿ" ಎಂದೆ.

ಪರದೆಯ ಮೇಲೆ ಬಸವರಾಜ ಗಂಭೀರವಾಗಿ ಡಾಕ್ಟರ ಕಡೆ ತಿರುಗಿದ. "ಡಾಕ್ಟ್ರೇ, ಮೂರು ಸೀಟಿ ಆದ ಮ್ಯಾಲ ಇಳಸಬೇಕೇನ್ರಿ? ಮುಚ್ಚಳ ಜಲ್ದಿ ತಗೀಬಾರದೇನ್ರಿ?"

ಡಾಕ್ಟರು ಕಣ್ಣು ಪಿಳಿಪಿಳಿ ಬಿಟ್ಟು, ಬಹಳ ಮರ್ಯಾದೆಯಿಂದ ಕೇಳಿದರು: "ಯಾವ ಎಮ್ಮಿಗ್ರಿ?"

ಅಯ್ಯೋ ದೇವರೆ! ನಾನು ಕುರ್ಚಿಯಿಂದ ಕೆಳಗೆ ಜಾರಿದೆ. ಸಾವ್ಕಾರ್ರ ಫೋನು ಬಂತು: "ಬ್ರೇಕ್ ಹಾಕ್ರಿ, ಬ್ರೇಕ್ ಹಾಕ್ರಿ!" ಹಾಕಿದೆ. ಬ್ರೇಕಿನಲ್ಲಿ ಬಸವರಾಜ ಅಳುವ ಹಾಗಾಗಿದ್ದ. "ನಕ್ಕೋತ ಖರೇ ಹೇಳಿಬಿಡಲೇ, ಇಲ್ಲಾಂದ್ರ ಮಂದಿ ನಿನಗ ಹುಚ್ಚು ಹಿಡದದ ಅಂತಾರ" ಎಂದೆ. ಅವನು ವಾಪಸ್ ಬಂದು, ನಮ್ಮ ಕಮಲಕ್ಕನ ಮನೆಯಲ್ಲಿ ಬೇಳೆ ಬೇಯುತ್ತಿದೆ, ಅದರ ಪ್ರಶ್ನೆ ದಾರಿ ತಪ್ಪಿ ಬಂತು ಎಂದು ಹೇಳಿದ. ವಾರವಿಡೀ ಫೋನು ಮಾಡಿದವರೆಲ್ಲ ಮೊದಲು ಬೇಳೆಯ ಯೋಗಕ್ಷೇಮ ಕೇಳಿಯೇ ಮಾತು ಶುರು ಮಾಡುತ್ತಿದ್ದರು. ಆ ವಾರದ ನಂತರ ಬಸವರಾಜ ನನ್ನ ಪ್ರಶ್ನೆಗಳಿಗೆ ಕಾಯುವುದನ್ನು ಬಿಟ್ಟ, ತಾನೇ ಕೇಳತೊಡಗಿದ. ಅಂಜಿಕೆ ಆ ಬೇಳೆಯ ಜೊತೆಗೇ ಬೆಂದುಹೋಗಿತ್ತು.

ಫೋನಿನ ಕಥೆ ಹೇಳಲು ಹೋದರೆ ಮುಗಿಯುವುದಿಲ್ಲ. ಆಗೆಲ್ಲ ಫೋನು ಮಾಡಿದವರು ಮನೆಯ ಟಿವಿಯನ್ನು ಜೋರಾಗಿಯೇ ಇಟ್ಟಿರುತ್ತಿದ್ದರು. ನಮ್ಮ ಪ್ರಸಾರ ನಾಲ್ಕೈದು ಸೆಕೆಂಡು ತಡವಾಗಿ ಅವರ ಮನೆ ಮುಟ್ಟುತ್ತಿತ್ತು. ಗೊಬ್ಬೂರಿನ ಹಿರಿಯರೊಬ್ಬರು ಕಬ್ಬಿನ ಬಗ್ಗೆ ಕೇಳುತ್ತಿದ್ದಾಗ ಅವರದೇ ಮಾತು ಅವರ ಮನೆಯ ಟಿವಿಯಲ್ಲಿ ಹಿಂದಿನಿಂದ ಕೇಳಿಸಿತು. "ಯಾವನಲೇ ಅಂವ, ನಾ ಅಂದದ್ದೇ ಅನ್ನಾಕತ್ತಾನ?" ಎಂದು ಗುಡುಗಿದರು. ಐದು ಸೆಕೆಂಡಿಗೆ ಟಿವಿಯೂ ಹಾಗೆಯೇ ಗುಡುಗಿತು. "ನನಗೇ ಲೇ ಅಂತಿಯಾ?" ಎಂದರು ಇವರು. ಜಗಳ ಏರುತ್ತಲೇ ಹೋಯಿತು. ಕೊನೆಗೆ ಅವರ ಸೊಸೆ ಬಂದು ಟಿವಿ ಬಂದ್ ಮಾಡಿದಾಗ, "ನೋಡು, ಅಂಜಿ ಸುಮ್ಮನಾದ" ಎಂದು ಗೆದ್ದ ದನಿಯಲ್ಲಿ ಹೇಳಿ ಫೋನಿಟ್ಟರು. ಕಬ್ಬಿನ ಪ್ರಶ್ನೆ ಹಾಗೇ ಉಳಿಯಿತು. ಈಗ ನಿಮ್ಮ ಕಾಲದಲ್ಲಿ ಮೊಬೈಲು, ವಿಡಿಯೋ ಕಾಲು ಬಂದಿವೆ, ತಡ ಇನ್ನೂ ಜಾಸ್ತಿಯಾಗಿದೆ. ಫೋನು ಒಳಗೆ ಬಿಡುವ ಮೊದಲು "ಟಿವಿ ಬಂದ್ ಮಾಡ್ರಿ" ಅನ್ನುವುದನ್ನು ಮರೆಯಬೇಡಿ.

ರೆಹಾನಾ ನಿರೂಪಕಿಯಾಗಿ ಬಂದದ್ದು ಆಮೇಲೆ. ಆಳಂದದ ಹುಡುಗಿ, ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ, ಎರಡರಲ್ಲೂ ನಾಲಿಗೆ ಚುರುಕು. ಅವಳು ಸೇರಿದ ಎರಡನೇ ತಿಂಗಳೇ ರಂಜಾನ್. ರೋಜಾದ ಉಪವಾಸ ಇದ್ದುಕೊಂಡೇ ಬೆಳಿಗ್ಗೆ ಆರಕ್ಕೆ ಬರುತ್ತಿದ್ದಳು. ಅಡುಗೆಯ ಭಾಗಕ್ಕೆ ಒಂದು ಎಣ್ಣೆಯ ಜಾಹೀರಾತಿನವರ ಬಲವಿತ್ತು. ಕೊನೆಗೆ ನಿರೂಪಕಿ ಒಂದು ತುತ್ತು ತಿಂದು "ಆಹಾ" ಅನ್ನಲೇಬೇಕು ಎಂಬುದು ಅವರ ಕರಾರು. ಬಸವರಾಜ ತಿನ್ನಬೇಕೆಂದು ನಾನು ಮೊದಲೇ ಬದಲಾಯಿಸಿದ್ದೆ. ಆದರೆ ಅಡುಗೆಗೆ ಬಂದಿದ್ದ ಅಮ್ಮನಿಗೆ ಅದು ಗೊತ್ತಿರಬೇಕಲ್ಲ? ಬಿಸಿ ಶೇಂಗಾ ಹೋಳಿಗೆ ಮುರಿದು, ತುಪ್ಪ ಸುರಿದು, ಸೀದಾ ರೆಹಾನಾಳ ಬಾಯಿಗೇ ಹಿಡಿದಳು. ನಮ್ಮ ಕಡೆ ಮುಖದ ಮುಂದೆ ಬಂದ ತುತ್ತನ್ನು ಬೇಡ ಅನ್ನುವುದುಂಟೆ? ರೆಹಾನಾ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು.

"ಅವ್ವಾ, ರೋಜಾ ಇದ್ದೇನ್ರಿ. ಸಂಜಿಗೆ ತಿಂತೇನ್ರಿ."

ಆ ಅಮ್ಮ ಹೋಳಿಗೆಯನ್ನು ಹಾಗೇ ಹಿಡಿದು ನಿಂತಳು. "ಅಯ್ಯ ನನ್ನ ಮಗಳ, ಹಸದ ಹೊಟ್ಟಿ ಮುಂದ ನಾ ಹೋಳಗಿ ಬೇಯಿಸೇನಲ್ಲ" ಎಂದಳು. ಆಮೇಲೆ ನೋಡಿ, ಬಸವರಾಜನಿಗೂ ಕೊಡಲಿಲ್ಲ, ಕ್ಯಾಮೆರಾದ ಮಹಿಬೂಬನಿಗಂತೂ ಇಲ್ಲವೇ ಇಲ್ಲ, ತಾನೂ ತಿನ್ನಲಿಲ್ಲ. ಅಷ್ಟೂ ಹೋಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ, "ಎಲ್ಲಾರೂ ಸಂಜಿಗೇ ತಿನ್ರಿ" ಎಂದು ನೇರ ಪ್ರಸಾರದಲ್ಲೇ ಹುಕುಂ ಮಾಡಿದಳು. ತುತ್ತೂ ಇಲ್ಲ, ಆಹಾ ಕೂಡ ಇಲ್ಲ. ಎಣ್ಣೆಯವರು ಮುಖ ಊದಿಸಿಕೊಂಡರು, ಸಾವ್ಕಾರ್ರು ನನ್ನ ಮೇಲೆ ಹಾರಿಬಿದ್ದರು. ಅವತ್ತು ಸಂಜೆ ಆ ಅಮ್ಮ ಊರಿಗೆ ಹೋಗದೆ ಕಾದು ಕೂತು ರೆಹಾನಾಳಿಗೆ ತನ್ನ ಕೈಯಾರೆ ತಿನ್ನಿಸಿದಳು. ನಾನಂತೂ ಕಣ್ಣೊರೆಸಿಕೊಂಡೆ, ನಾಚಿಕೆ ಯಾಕೆ? ಮರುದಿನ ಬೆಳಿಗ್ಗೆ ಬಂದ ಫೋನುಗಳಲ್ಲಿ ಅರ್ಧ ಆ ಹೋಳಿಗೆಯದೇ ಮಾತು. ಎಣ್ಣೆಯವರು ವಾರ ಕಳೆದ ಮೇಲೆ ತಾವಾಗಿಯೇ ಆ ತುಣುಕನ್ನು ಜಾಹೀರಾತಿಗೆ ಕೇಳಿದರು. ನಾನು ಕೊಡಲಿಲ್ಲ.

ಆದರೆ ಎಲ್ಲ ತಪ್ಪುಗಳೂ ಹೀಗೆ ಹೂವಾಗಿ ಅರಳುವುದಿಲ್ಲ, ತಿಳಿದಿರಲಿ. ಮಳೆಗಾಲದ ಒಂದು ದಿನ ಸೊನ್ನ ಬ್ಯಾರೇಜಿನಿಂದ ಭೀಮಾ ನದಿಗೆ ನೀರು ಬಿಡುತ್ತಾರೆ, ದಂಡೆಯವರು ಮೋಟಾರುಗಳನ್ನು ಎತ್ತಿಕೊಳ್ಳಬೇಕು ಎಂದು ಓದಿದ್ದೆವು. ಅದು ಸರಿಯಾಗಿಯೇ ಇತ್ತು. ಮಾರನೇ ವಾರ ಹೊಸ ಹಾಳೆ ಹಾಕುವ ಗಡಿಬಿಡಿಯಲ್ಲಿ ಅದೇ ಹಳೆಯ ಹಾಳೆ ಬಸವರಾಜನ ಕೈಗೆ ಹೋಯಿತು. ಅವನು ಗಂಟೆಯಂಥ ದನಿಯಲ್ಲಿ ಓದಿಯೂಬಿಟ್ಟ. ಹತ್ತು ನಿಮಿಷದಲ್ಲಿ ಫೋನುಗಳು ಹೊಡೆದುಕೊಳ್ಳತೊಡಗಿದವು: ಎಲ್ಲಿಯ ನೀರು, ಯಾರು ಬಿಟ್ಟರು, ನಾವು ನಡುಮಟ್ಟ ಇಳಿದು ಮೋಟಾರು ಬಿಚ್ಚುತ್ತಿದ್ದೇವೆ! ನೀರು ಬರುತ್ತದೆ ಎಂದು ತಪ್ಪಿ ಹೇಳಿದ್ದಕ್ಕೆ ಇಷ್ಟಾಯಿತು. ಬರುವುದಿಲ್ಲ ಎಂದು ತಪ್ಪಿ ಹೇಳಿದ್ದರೆ?

ಬ್ರೇಕ್ ಹಾಕಲಿಲ್ಲ. ನಾನೇ ಎದ್ದು ಹೋಗಿ ಕ್ಯಾಮೆರಾದ ಮುಂದೆ ನಿಂತೆ, ಅಷ್ಟು ವರ್ಷದಲ್ಲಿ ಮೊದಲ ಸಲ. ತಲೆ ಬಾಚಿರಲಿಲ್ಲ. "ನೀರು ಬಿಟ್ಟಿಲ್ರಿ. ಹಳೇ ಹಾಳಿ ಓದೇವಿ. ತಪ್ಪು ಬಸವರಾಜಂದಲ್ಲ, ಹಾಳಿ ಬದಲಿ ಮಾಡಬೇಕಾದಾಕಿ ನಾನು. ಮೋಟರ್ ಬಿಚ್ಚಿದವರು ನನಗ ಬೈರಿ" ಎಂದೆ. ಬೈದರು. "ಬಿಚ್ಚಿದ್ದು ಮತ್ತ ಕೂಡ್ಸಾಕ ನೀವೇ ಬರ್ರಿ" ಎಂದ ಒಬ್ಬ. ಹೋದೆವು. ಮಧ್ಯಾಹ್ನ ನಾನೂ ಬಸವರಾಜನೂ ದಂಡೆಯ ಊರುಗಳಿಗೆ ಹೋದೆವು. ಬಸವರಾಜ ಪ್ಯಾಂಟು ಮಡಚಿ ನೀರಿಗಿಳಿದು ಪೈಪು ಹಿಡಿದ, ನಾನು ದಂಡೆಯ ಮೇಲೆ ನಿಂತು ಬೈಗುಳ ಹಿಡಿದೆ. ಕೊನೆಗೆ ಅವರೇ ಚಹಾ ಕುಡಿಸಿ ಕಳಿಸಿದರು. ನಿಮಗೆ ನಾನು ಕೊಡುವ ಉಪದೇಶ ಇಷ್ಟೇ: ತಪ್ಪಾದರೆ ಅದೇ ಉಸಿರಿನಲ್ಲಿ, ಅದೇ ಜಾಗದಲ್ಲಿ ಹೇಳಿ. ಮರುದಿನಕ್ಕೆ ಇಟ್ಟರೆ ಅದು ಹಳಸುತ್ತದೆ.

ಸಾವ್ಕಾರ್ರಿಗೆ ಮಾತ್ರ ಸಾಕಾಗಿತ್ತು. ಮಿಲ್ಲಿಗೆ ಕರೆಸಿಕೊಂಡರು. ಕೂಗಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಕಮಲಕ್ಕ, ಇನ್ನೊಂದೇ ಒಂದು ತಪ್ಪು. ಆದ ಮರುದಿನದಿಂದ ರೆಕಾರ್ಡಿಂಗ್. ನೀವು ಇದ್ರೂ ಸರಿ, ಬಿಟ್ಟು ಹೋದ್ರೂ ಸರಿ."

"ಹೌದ್ರಿ" ಎಂದು ಬಂದೆ. ನನ್ನ ಬಾಯಿಂದ ಅಷ್ಟು ಸಣ್ಣ ದನಿ ಹೊರಟದ್ದು ಅದೇ ಮೊದಲು. ಮೂವರನ್ನೂ ಕೂಡಿಸಿಕೊಂಡು ಹೇಳಿದೆ. ಬಸವರಾಜ ಹಾಳೆಗಳ ಮೇಲೆ ತಾರೀಖು ಬರೆಯಲು ಶುರು ಮಾಡಿದ, ಮಹಿಬೂಬ ಮೈಕುಗಳನ್ನು ಎರಡೆರಡು ಸಲ ನೋಡತೊಡಗಿದ. ರೆಹಾನಾ ಅತಿಥಿಗಳಿಗೆಲ್ಲ ಹಿಂದಿನ ದಿನವೇ ಫೋನು ಮಾಡಿ ಮಾತಾಡಿಸಿ ಇಡುತ್ತಿದ್ದಳು. ಮೂರು ವಾರ ಒಂದು ಕಡ್ಡಿಯೂ ಅಲ್ಲಾಡಲಿಲ್ಲ.

ನಾಲ್ಕನೇ ವಾರ ಬಂದವಳು ನೀಲಮ್ಮ. ಭೀಮಾ ದಂಡೆಯ ಒಂದು ಹಳ್ಳಿಯವಳು; ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಗೊತ್ತಾಗುತ್ತದೆ, ಸಾಕು. ಐವತ್ತು ದಾಟಿದ ಹೆಂಗಸು, ಮಹಿಳಾ ಸಂಘ ನಡೆಸುವವಳು. ಏಳರ ಲೈವ್‌ಗೆ ಮೂರು ಸಲ ಫೋನು ಮಾಡಿ ಒಂದೇ ವಿಷಯ ಕೇಳಿದ್ದಳು: ಅವರ ಊರಿಗೆ ಬೆಳಗಿನ ಬಸ್ಸಿಲ್ಲ. ಮೊದಲ ಬಸ್ಸು ಹಿಡಿದು ಮುಟ್ಟುವ ಹೊತ್ತಿಗೆ ಅಫಜಲಪುರದಲ್ಲಿ ಹೈಸ್ಕೂಲಿನ ಎರಡು ಪಿರಿಯಡ್ಡು ಮುಗಿದಿರುತ್ತವೆ. ಹನ್ನೊಂದು ಹುಡುಗಿಯರು ದೊಡ್ಡ ರಸ್ತೆಯವರೆಗೆ ನಡೆಯುತ್ತಾರೆ. ಆಗದವರು ಶಾಲೆ ಬಿಡುತ್ತಾರೆ. ಫೋನಿನಲ್ಲಿ ಅವಳ ಮಾತು ಕೇಳಿದರೆ ಕಲ್ಲೂ ಎದ್ದು ಕೂರಬೇಕು. ಅವಳನ್ನೇ ಸ್ಟುಡಿಯೋಗೆ ಕರೆಯೋಣ, ಎದುರಿಗೆ ಬಸ್ ಡಿಪೋದ ಸಾಹೇಬರನ್ನು ಕೂರಿಸೋಣ ಎಂದು ನಾನೇ ಹೇಳಿದೆ. ಸಾಹೇಬರು ಬರಲು ಒಪ್ಪಿದರು, ಆದರೆ ಊರಿನ ಹಿರಿಯರೊಬ್ಬರೂ ಇರಲಿ ಎಂದರು. ಬಸವರಾಜ ಹಿಂದಿನ ದಿನ ಸಂಜೆ ಆ ಊರಿನ ಪಂಚಾಯಿತಿಯ ಮಾಜಿ ಅಧ್ಯಕ್ಷ ಅಣ್ಣಾರಾಯರನ್ನು ಗೊತ್ತು ಮಾಡಿದ. ಹೆಸರು ನೋಡಿದೆವು, ವಿಷಯ ನೋಡಿದೆವು, ಮೈಕು ನೋಡಿದೆವು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುವ ಒಂದು ಪ್ರಶ್ನೆಯನ್ನು ಮಾತ್ರ ನಾವು ನಾಲ್ವರಲ್ಲಿ ಒಬ್ಬರೂ ಕೇಳಲಿಲ್ಲ: ನೀವು ನೀವು ಬಳಗವೇ?

ಅವತ್ತು ನಿರೂಪಕಿಯ ಕುರ್ಚಿಯಲ್ಲಿ ರೆಹಾನಾ ಇದ್ದಳು. ಬ್ರೇಕಿನಲ್ಲಿ ಸಾಹೇಬರೂ ಅಣ್ಣಾರಾಯರೂ ಸೋಫಾದ ಮೇಲೆ ಕೂತರು. ನೀಲಮ್ಮ ಪಕ್ಕದ ಕೋಣೆಯಿಂದ ಮೈಕು ಸಿಕ್ಕಿಸಿಕೊಂಡು ಬಂದಳು, ಅವರ ಪಕ್ಕದ ಕುರ್ಚಿಯ ಮೇಲೆ ಕೂತಳು, ತಲೆ ಎತ್ತಿದಳು. ಮಹಿಬೂಬ ಬೆರಳೆಣಿಸುತ್ತಿದ್ದ: ಮೂರು, ಎರಡು, ಒಂದು. ಕೆಂಪು ದೀಪ ಹತ್ತಿತು. ಅದೇ ಕ್ಷಣಕ್ಕೆ ನೀಲಮ್ಮ ಸೆರಗನ್ನು ಹಣೆಯ ಕೆಳಗೆ ಎಳೆದುಕೊಂಡು, ಕುರ್ಚಿಯಿಂದ ಇಳಿದು, ಸೋಫಾದ ಮಗ್ಗುಲಿಗೆ ನೆಲದ ಮೇಲೆ ಬೆನ್ನು ತಿರುಗಿಸಿ ಕೂತುಬಿಟ್ಟಳು. ಅಣ್ಣಾರಾಯರು ಗಂಟಲು ಕೆರೆದು ಮುಖವನ್ನು ಇನ್ನೊಂದು ಕಡೆ ತಿರುಗಿಸಿದರು. ಮೂರು ತಾಲ್ಲೂಕಿಗೆ ಒಂದು ಖಾಲಿ ಕುರ್ಚಿ ಕಾಣಿಸುತ್ತಿತ್ತು.

ಅವರು ಅವಳ ಗಂಡನ ಖಾಸಾ ಅಣ್ಣ! ನೀಲಮ್ಮ ಗಂಡನಿಗೆ ಹೇಳಿ ಬಂದಿದ್ದಳು. ಅಣ್ಣನಿಗೆ ಹೇಳುವ ಧೈರ್ಯ ಆ ಗಂಡನಿಗೇ ಇರಲಿಲ್ಲ. ನೀವು ಈಗಿನ ಹುಡುಗಿಯರು ನಗಬಹುದು. ಆದರೆ ನಮ್ಮ ಕಡೆ ಆ ವಯಸ್ಸಿನ ಹೆಣ್ಣುಮಕ್ಕಳು ಭಾವನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ, ಮುಖ ಎತ್ತಿ ಮಾತಾಡುವುದಿಲ್ಲ. ಹೇಳಲೇಬೇಕಾದದ್ದಿದ್ದರೆ ನಡುವೆ ಇನ್ನೊಬ್ಬರನ್ನು ಇಟ್ಟುಕೊಂಡು, "ಊಟಕ್ಕ ಏಳ್ಬೇಕಂತ, ಅವ್ರಿಗೆ ಹೇಳು" ಎನ್ನುತ್ತಾರೆ. ಅವರು ಅಲ್ಲೇ ಇರುತ್ತಾರೆ, ಕೇಳಿಸಿಯೂ ಇರುತ್ತದೆ. ಆದರೂ ನಡುವಿನವರು ಹೇಳಿದ ಮೇಲೆಯೇ ಏಳುತ್ತಾರೆ.

ಫೋನು ಹೊಡೆದುಕೊಂಡಿತು. ಸಾವ್ಕಾರ್ರು. "ಏನದು? ಕುರ್ಚಿ ತೋರಸಾಕತ್ತೀರಿ? ಬ್ರೇಕ್ ಹಾಕ್ರಿ!" ನನ್ನ ಬೆರಳು ಬ್ರೇಕಿನ ಗುಂಡಿಯ ಮೇಲೆಯೇ ಇತ್ತು. ಹಾಕಿದರೆ ಮುಗಿಯಿತು: ನೀಲಮ್ಮನನ್ನು ಹಿಂದಿನ ಬಾಗಿಲಿಂದ ಕಳಿಸಬೇಕು, ನಾಳೆಯಿಂದ ರೆಕಾರ್ಡಿಂಗು. ಅಷ್ಟರಲ್ಲಿ ಅಣ್ಣಾರಾಯರು ಮೌನ ಮುರಿಯಲೆಂದು ಹೇಳಿದರು: "ನಮ್ಮೂರಾಗ ಅಂಥಾದ್ದೇನು ತಕ್ಲೀಫ್ ಇಲ್ರಿ. ಬಸ್ ಅದಾವ." ಸಾಹೇಬರು ನಿರಾಳವಾಗಿ ತಲೆಯಾಡಿಸಿದರು. ನೆಲದ ಮೇಲೆ ಆ ಬೆನ್ನು ನೆಟ್ಟಗಾಯಿತು. ನಾನದನ್ನು ಕಂಡೆ. ರಿಸೀವರನ್ನು ಮೇಜಿನ ಮೇಲೆ ಬೋರಲು ಹಾಕಿ, ಅವರ ಕಿವಿಯಲ್ಲಿ ಮಾತಾಡುವ ಗುಂಡಿ ಒತ್ತಿದೆ.

"ಮಹಿಬೂಬ, ಕ್ಯಾಮೆರಾ ಇಳಸು. ಬೆನ್ನು ತೋರಸು. ರೆಹಾನಾ, ಕುರ್ಚಿ ಬಿಟ್ಟು ಕೆಳಗ ಕೂಡ್ರು ಆಕಿ ಮಗ್ಗಲಿಗೆ. ನಡುವಿನಾಕಿ ನೀನೇ."

ಆ ಹುಡುಗಿಗೆ ಅಷ್ಟು ಸಾಕಾಯಿತು. ಜಮಖಾನೆಯ ಮೇಲೆ ಕಾಲು ಮಡಚಿ ಕೂತು, ಸೆರಗಿನೊಳಗೆ ಮುಚ್ಚಿಹೋಗಿದ್ದ ಮೈಕಿನ ಬದಲು ತನ್ನದನ್ನು ಬಿಚ್ಚಿ ನೀಲಮ್ಮನ ಬಾಯಿಯ ಹತ್ತಿರ ಹಿಡಿದಳು. "ನನಗ ಹೇಳ್ರಿ ಅವ್ವ. ನಾ ಅವ್ರಿಗೆ ಹೇಳ್ತೇನಿ."

ಸೆರಗಿನೊಳಗಿಂದ ದನಿ ಬಂತು. ಫೋನಿನಲ್ಲಿ ಕೇಳಿದ ಅದೇ ದನಿ. "ಬಸ್ ಅದಾವ ಅಂತಾರಲ್ಲ, ಯಾವ ಹೊತ್ತಿಗೆ ಅದಾವ ಅಂತ ಕೇಳವ್ವ."

"ಯಾವ ಹೊತ್ತಿಗೆ ಅದಾವ ಅಂತ ಕೇಳಾಕತ್ತಾರ್ರಿ" ಎಂದಳು ರೆಹಾನಾ.

ಅಣ್ಣಾರಾಯರು ಗೋಡೆ ನೋಡುತ್ತ, "ಹತ್ತಕ್ಕ ಅದ ಅಂತ ಹೇಳವ್ವ ಆಕಿಗೆ" ಎಂದರು.

"ಶಾಲಿ ಒಂಬತ್ತೂವರಿಗೆ ಅಂತ ಹೇಳು. ಅವ್ರ ಮೊಮ್ಮಗಳು ವಾರದಾಗ ಎರಡೇ ದಿನ ಶಾಲಿ ಕಾಣ್ತಾಳ ಅಂತ ಹೇಳು. ಉಳದ ದಿನ ನಮ್ಮ ಸಂಘದಾಗ ಕುಂತು ಶೇಂಗಾ ಸುಲೀತಾಳ. ಅಜ್ಜಗ ಹೇಳಬ್ಯಾಡ ಅಂತ ನನ್ನ ಕೈಯಾಗ ಆಣಿ ತಗೊಂಡಿದ್ಳು. ಇವತ್ತ ಆಣಿ ಮುರದೇನಿ ಅಂತನೂ ಹೇಳು."

ರೆಹಾನಾ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಅಣ್ಣಾರಾಯರ ಮುಖದ ಮೇಲೆ ಕ್ಯಾಮೆರಾ ಇತ್ತು. ಆ ದೊಡ್ಡ ಮೀಸೆಯ ಮನುಷ್ಯ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನೀಲಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೂತಲ್ಲೇ ಸ್ವಲ್ಪ ತಿರುಗಿ, ಸೆರಗಿನ ಸಂದಿಯಿಂದ ಸಾಹೇಬರ ಕಡೆ ನೋಡಿದಳು.

"ಸಾಹೇಬ್ರ, ನೀವು ನನಗ ಭಾವ ಅಲ್ಲ. ನಿಮಗ ಸೀದಾ ಕೇಳ್ತೇನಿ. ಬಸ್ ಯಾವಾಗ ಬಿಡ್ತೀರಿ?"

ಕಂಟ್ರೋಲ್ ರೂಮಿನಲ್ಲಿ ಒಬ್ಬಳೇ ಇದ್ದ ನಾನು ಮೇಜು ಗುದ್ದಿದೆ. ಸಾಹೇಬರು ಪ್ರಯಾಣಿಕರು ಸಾಲುವುದಿಲ್ಲ, ಮೇಲಿನವರನ್ನು ಕೇಳಬೇಕು, ಪರಿಶೀಲಿಸುತ್ತೇವೆ ಎಂದೆಲ್ಲ ಶುರು ಮಾಡಿದರು. ರೆಕಾರ್ಡಿಂಗ್ ಆಗಿದ್ದರೆ ಅಲ್ಲಿಗೇ ಒಂದು ನಮಸ್ಕಾರ ಹಾಕಿ ಮುಗಿಸಬಹುದಿತ್ತು. ಆದರೆ 'ಪರಿಶೀಲಿಸುತ್ತೇವೆ' ಎಂದ ಮೇಲೂ ಕೆಂಪು ದೀಪ ಉರಿಯುತ್ತಲೇ ಇತ್ತು, ಮಹಿಬೂಬ ಅವರ ಮುಖದಿಂದ ಕ್ಯಾಮೆರಾ ತೆಗೆಯಲಿಲ್ಲ, ರೆಹಾನಾ ಬಿಚ್ಚಿದ ಮೈಕನ್ನು ಅವರ ಕಡೆ ಚಾಚಿಯೇ ಕೂತಳು. ಆಗ ಅಣ್ಣಾರಾಯರು ಮಾತಾಡಿದರು, ರೆಹಾನಾಳಿಗಲ್ಲ, ಸಾಹೇಬರಿಗೆ.

"ಆಕಿ ಹೇಳೋದು ಖರೇ ಅದ್ರಿ. ನಾ ಈಗ ಹೇಳಿದ್ದು ಸುಳ್ಳು. ನಮ್ಮೂರಿಗೆ ಬಸ್ ಬೇಕು. ಕೊಡೂತನ ನಾ ಇಲ್ಲಿಂದ ಏಳಾಂಗಿಲ್ಲ."

ಸಾಹೇಬರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು, ಒಮ್ಮೆ ಬಾಗಿಲು ನೋಡಿದರು, ಒಮ್ಮೆ ಕ್ಯಾಮೆರಾ ನೋಡಿದರು. "ಸೋಮವಾರದಿಂದ ಬಿಡ್ತೇವ್ರಿ. ಎಂಟಕ್ಕ ಹದಿನೈದು ನಿಮಿಷ ಇದ್ದಾಗ ನಿಮ್ಮೂರಾಗ ಇರ್ತದ" ಎಂದರು.

ಬೋರಲು ಬಿದ್ದಿದ್ದ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಸಾವ್ಕಾರ್ರು ಇನ್ನೂ ಆ ತುದಿಯಲ್ಲೇ ಇದ್ದರು. "ಹೇಳ್ರಿ" ಎಂದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ. "ಸೋಮವಾರ ಬಿಡ್ತಾರ ಅಂತೀರಾ?" ಎಂದರು. "ಬಿಡದಿದ್ರ ಮಂದಿಗೆ ಕಾಣ್ತದಲ್ರಿ. ಸೋಮವಾರ ನಮ್ಮ ಕ್ಯಾಮೆರಾ ಅಲ್ಲೇ ಇರ್ತದ, ಲೈವ್" ಎಂದೆ. ಅವರು ಫೋನಿಟ್ಟರು. ಬಸ್ಸು ಬಾರದೆ ಹೋದರೆ ನೀಲಮ್ಮನ ಹುಡುಗಿಯರ ಶಾಲೆಯೂ ಹೋಯಿತು, ನನ್ನ ಲೈವೂ ಹೋಯಿತು ಎಂದು ನನಗೆ ಗೊತ್ತಿತ್ತು. ಭಾನುವಾರ ಅನ್ನ ಸೇರಲಿಲ್ಲ.

ಸೋಮವಾರ ಬಸವರಾಜನನ್ನೂ ಮಹಿಬೂಬನನ್ನೂ ಆ ಊರಿಗೆ ಕಳಿಸಿ, ರೆಹಾನಾಳನ್ನು ಸ್ಟುಡಿಯೋದಲ್ಲಿ ಕೂರಿಸಿದೆ. ಏಳೂವರೆಗೆ ಕಂಟ್ರೋಲ್ ರೂಮಿನ ಬಾಗಿಲು ತೆರೆಯಿತು. ಸಾವ್ಕಾರ್ರು! ಅಷ್ಟು ವರ್ಷದಲ್ಲಿ ಆ ಕೋಣೆಗೆ ಅವರು ಬಂದದ್ದೇ ಮೊದಲು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ಪರದೆಯಲ್ಲಿ ಊರ ಅಗಸಿ ಬಾಗಿಲು, ಚೀಲ ಹೊತ್ತ ಹುಡುಗಿಯರು, ಒಂದು ಪಕ್ಕ ನೀಲಮ್ಮ ಸೆರಗು ಹೊದ್ದು, ಇನ್ನೊಂದು ಪಕ್ಕ ಅಣ್ಣಾರಾಯರು ಮೊಮ್ಮಗಳ ಕೈ ಹಿಡಿದು. ಊರಿಗೆ ಊರೇ ಹಿಂದೆ ನಿಂತಿತ್ತು. ಹೇಳಿದ ಹೊತ್ತಾಯಿತು. ಬಸ್ಸಿಲ್ಲ. ಬಸವರಾಜನ ಮಾತೆಲ್ಲ ಮುಗಿಯಿತು. ಮಹಿಬೂಬ ಕ್ಯಾಮೆರಾವನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿದ. ಎಂಟಾಯಿತು. ಕಾರ್ಯಕ್ರಮ ಮುಗಿಯುವ ಹೊತ್ತು. ಎರಡೂ ಕಡೆ ಜಾಲಿ ಗಿಡ, ನಡುವೆ ಖಾಲಿ ರಸ್ತೆ, ಒಂದು ನಾಯಿ.

ಎಂಟು ಸೆಕೆಂಡು ಖಾಲಿ ಕುರ್ಚಿ ಕಂಡರೆ ಕೂಗಾಡಿದ ಮನುಷ್ಯ ಪಕ್ಕದಲ್ಲೇ ಕೂತಿದ್ದಾರೆ. ನಾನು ಕೇಳಿದೆ: "ಬ್ರೇಕ್ ಹಾಕ್ಲೇನ್ರಿ?"

ಅವರು ಪರದೆಯಿಂದ ಕಣ್ಣು ಕೀಳಲಿಲ್ಲ. "ಬ್ಯಾಡ್ರಿ ಕಮಲಕ್ಕ. ರಸ್ತಾನೇ ತೋರಸ್ರಿ. ಎಲ್ಲಾರೂ ಕಾಯಾಕತ್ತಾರ, ನಾವೂ ಕಾಯೋಣ."

ಕಾದೆವು. ಎಂಟೂ ಹತ್ತರವರೆಗೆ ಮೂರು ತಾಲ್ಲೂಕು ಒಂದು ಖಾಲಿ ರಸ್ತೆಯನ್ನು ನೋಡುತ್ತ ಕೂತಿತು. ಒಬ್ಬರೂ ಬೇಸರವೆಂದು ಫೋನು ಮಾಡಲಿಲ್ಲ. ಜಾಲಿಯ ತಿರುವಿನಲ್ಲಿ ಧೂಳೆದ್ದಿತು. ಆಮೇಲೆ ಬಸ್ಸಿನ ಹಣೆ ಕಂಡಿತು. ಹುಡುಗಿಯರು ಕಿರುಚಿದರು, ಬಸವರಾಜ ಕಿರುಚಿದ, ಸ್ಟೂಲು ಬೀಳಿಸಿಕೊಂಡು ಎದ್ದ ಸಾವ್ಕಾರ್ರು "ಬಂತು ಬಂತು ಬಂತು" ಎಂದು ನನ್ನ ಬೆನ್ನಿಗೇ ಗುದ್ದಿದರು. ರೆಕಾರ್ಡಿಂಗಿನ ಮಾತು ಅವರ ಬಾಯಿಂದ ಅದಾದ ಮೇಲೆ ಬರಲೇ ಇಲ್ಲ; ನಾನು ನಿವೃತ್ತಳಾದ ದಿನವೂ ಏಳಕ್ಕೆ ನಮ್ಮದು ಲೈವ್, ಈಗಲೂ ಲೈವ್.

ಬಸ್ಸು ಅಗಸಿಯ ಮುಂದೆ ನಿಂತಿತು. ಅಣ್ಣಾರಾಯರು ಮೊಮ್ಮಗಳನ್ನು ಹತ್ತಿಸಿ, ಕೆಳಗಿಳಿದು, ಸೀದಾ ಕ್ಯಾಮೆರಾದ ಹತ್ತಿರ ಬಂದರು. ನೀಲಮ್ಮ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಅಣ್ಣಾರಾಯರು ಕ್ಯಾಮೆರಾದ ಗಾಜಿನೊಳಗೇ ಇಣುಕಿ ಹೇಳಿದರು: "ರೆಹಾನಾ ಅವ್ವ, ಕೇಳಸ್ತದೇನು? ನಮ್ಮ ನೀಲಮ್ಮಗ ಹೇಳು, ಆಕಿ ಬಸ್ ಬಂತಂತ."

ಸ್ಟುಡಿಯೋದಲ್ಲಿ ರೆಹಾನಾ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಲ್ಲಿ ನೀಲಮ್ಮ ಸೆರಗಿನೊಳಗಿಂದಲೇ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ರೆಹಾನಾ, ನನಗೂ ಕಣ್ಣು ಅದಾವ, ಕಾಣಾಕತ್ತದ ಅಂತ ಹೇಳವ್ವ ಅವ್ರಿಗೆ. ನಾಳಿಯಿಂದ ಹೊತ್ತಿಗೆ ಸರಿಯಾಗಿ ಬರಬೇಕಂತ ಡ್ರೈವರಗ ಅವ್ರೇ ಹೇಳ್ಲಿ."